ಕಥೆಯಲ್ಲಿ ತಪ್ಪಿಗೆ ಶಿಕ್ಷೆ ಆಗಲೇಬೇಕೇ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ. ಏನಾದರೂ ಒಡೆದರೆ, ಚೆಲ್ಲಿದರೆ "ನಾನಲ್ಲ" ಎನ್ನುತ್ತಾನೆ. ಚಿತ್ರದ ಕಥೆ ಪುಸ್ತಕ ಓದಿ ಹೇಳಿದರೆ ತಿದ್ದಿಕೊಳ್ಳುತ್ತಾನೆ ಎಂದು ಕೇಳಿದ್ದೇನೆ. ಎಂಥ ಪುಸ್ತಕ ತರಬೇಕು?
– ಒಬ್ಬ ತಾಯಿ, ಶಿಡ್ಲಘಟ್ಟ ತಾಲ್ಲೂಕು

ಅಂಗನವಾಡಿಯ ಬಾಗಿಲಲ್ಲಿ, ಹಾಲಿನ ಡೈರಿಯ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಈ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಉತ್ತರ ಚಿಕ್ಕದು. ತಪ್ಪಾದ ಮೇಲೆ ಮುಂದೇನು ಮಾಡಿದರು ಎಂಬುದನ್ನು ಚಿತ್ರದಲ್ಲಿ ತೋರಿಸುವ ಪುಸ್ತಕ ತನ್ನಿ. ಹಾಲು ಚೆಲ್ಲಿದ ಪುಟವಿದ್ದರೆ ಸಾಲದು, ಬಟ್ಟೆ ತಂದು ಒರೆಸುವ ಪುಟವೂ ಇರಬೇಕು.

ಇಷ್ಟು ಹೇಳುವಷ್ಟರಲ್ಲಿ ಮರುಪ್ರಶ್ನೆ ಬಂದೇ ಬರುತ್ತದೆ: "ಟೀಚರ್, ತಪ್ಪು ಮಾಡಿದವನಿಗೆ ಕೊನೆಗೆ ಏನೂ ಆಗುವುದಿಲ್ಲವೇ? ಭಯವಿಲ್ಲದೆ ಬುದ್ಧಿ ಬರುತ್ತದೆಯೇ?" ಇಪ್ಪತ್ತು ವರ್ಷಗಳಿಂದ ಈ ಒಂದು ನಂಬಿಕೆಯ ಜೊತೆ ಗುದ್ದಾಡುತ್ತಿದ್ದೇನೆ. ಓದು ಬಾರದವರಲ್ಲಿಯೂ ಇದೆ, ಪದವಿ ಪಡೆದವರಲ್ಲಿಯೂ ಇದೆ. ಆದ್ದರಿಂದ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಕೆನಡಾದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಅಧ್ಯಯನ. ಒಂದು ಆಟಿಕೆಯನ್ನು ಮಗುವಿನ ಬೆನ್ನ ಹಿಂದೆ ಇಟ್ಟು, "ತಿರುಗಿ ನೋಡಬೇಡ" ಎಂದು ಹೇಳಿ ದೊಡ್ಡವರು ಹೊರಗೆ ಹೋದರು. ಬಹಳಷ್ಟು ಮಕ್ಕಳು ನೋಡಿಬಿಟ್ಟರು. ಆಮೇಲೆ ಒಂದೊಂದು ಗುಂಪಿಗೆ ಒಂದೊಂದು ಕಥೆ ಓದಿ, "ನೋಡಿದೆಯಾ?" ಎಂದು ಕೇಳಿದರು. ಸುಳ್ಳು ಹೇಳಿದ ಕುರಿಗಾಹಿಯನ್ನು ಕೊನೆಗೆ ಯಾರೂ ನಂಬದ 'ತೋಳ ಬಂತು ತೋಳ' ಕಥೆ ಕೇಳಿದ ಮಕ್ಕಳು, ಸುಳ್ಳು ಹೇಳಿದರೆ ಮೂಗು ಬೆಳೆಯುವ ಮರದ ಗೊಂಬೆಯ ಕಥೆ ಕೇಳಿದ ಮಕ್ಕಳು ನಿಜ ಒಪ್ಪಿಕೊಳ್ಳುವುದರಲ್ಲಿ ಆಮೆ–ಮೊಲದ ಕಥೆ ಕೇಳಿದವರಿಗಿಂತ ಮುಂದೆ ಇರಲಿಲ್ಲ. ಮರ ಕಡಿದದ್ದು ತಾನೇ ಎಂದು ಒಪ್ಪಿಕೊಂಡು ಅಪ್ಪನ ಮೆಚ್ಚುಗೆ ಪಡೆದ ಬಾಲಕ ಜಾರ್ಜ್ ವಾಷಿಂಗ್ಟನ್‌ನ ಕಥೆ ಕೇಳಿದವರಲ್ಲಿ ನಿಜ ಹೇಳಿದವರು ಹೆಚ್ಚು. ಅದೇ ಕಥೆಯ ಕೊನೆಯನ್ನು ಬದಲಿಸಿ ಕೆಟ್ಟದ್ದಾಗುವಂತೆ ಮಾಡಿದಾಗ ಆ ಪರಿಣಾಮವೂ ಹೋಯಿತು.

ಹೆದರಿಸುವ ಕಥೆ ಕೇಳಿದ ಮಗು "ಸಿಕ್ಕಿಬಿದ್ದರೆ ಕೆಟ್ಟೆ" ಎಂದು ಕಲಿಯುತ್ತದೆ. ಅದಕ್ಕೇ ಇನ್ನಷ್ಟು ಚೆನ್ನಾಗಿ ಬಚ್ಚಿಡುತ್ತದೆ. ನಿಮ್ಮ ಮಗನ "ನಾನಲ್ಲ" ಅಲ್ಲಿಂದಲೇ ಬಂದಿರಬಹುದು, ಯೋಚಿಸಿ ನೋಡಿ.

ನಮ್ಮ ಕೇಂದ್ರದಲ್ಲಿ ಒಮ್ಮೆ, ಹುಡುಗಿಯೊಬ್ಬಳು ಹಿಟ್ಟಿನ ಡಬ್ಬಿ ಬೀಳಿಸುವ ಪುಸ್ತಕ ಓದುತ್ತಿದ್ದೆ. ಐದು ವರ್ಷದ ಮಗುವೊಂದು ಚೆಲ್ಲಿದ ಹಿಟ್ಟಿನ ಮೇಲೆ ಬೆರಳಿಟ್ಟು ಪುಟ ತಿರುಗಿಸಲು ಬಿಡಲಿಲ್ಲ. "ಇವಳ ಅಮ್ಮ ಹೊಡೆದರಾ?" ಎಂದಿತು. "ನೀನೇ ತಿರುಗಿಸಿ ನೋಡು" ಎಂದೆ. ಮುಂದಿನ ಪುಟದಲ್ಲಿ ತಾಯಿ ಮಗಳು ಇಬ್ಬರೂ ಮೊಣಕೈವರೆಗೆ ಬೆಳ್ಳಗಾಗಿ ಹಿಟ್ಟನ್ನು ಮೊರಕ್ಕೆ ಬಳಿಯುತ್ತಿದ್ದರು. ಮಗು ಬಹಳ ಹೊತ್ತು ನೋಡಿತು. ಆಮೇಲೆ ಮೆಲ್ಲಗೆ, "ನಾನು ಚಂದ್ರಿಕೆ ಎಳೆದೆ. ಹುಳುಗಳೆಲ್ಲ ಬಿದ್ದವು. ಬೆಕ್ಕು ಬೀಳಿಸಿತು ಅಂತ ಹೇಳಿದೆ" ಎಂದಿತು. ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ತಟ್ಟೆ. ರೇಷ್ಮೆ ಮನೆಯವರಿಗೆ ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ನೆಲಕ್ಕೆ ಬಿದ್ದರೆ ಎಷ್ಟು ನಷ್ಟ ಎಂದು ಈ ತಾಲ್ಲೂಕಿನಲ್ಲಿ ಹೇಳಬೇಕಾಗಿಲ್ಲ. ಸಂಜೆ ಕರೆದೊಯ್ಯಲು ಬಂದ ಅಮ್ಮನ ಸೆರಗು ಹಿಡಿದು, ನಾನು ಹೇಳಿಕೊಡದೆಯೇ, ತಾನೇ ಹೇಳಿತು. ಆ ತಾಯಿ ಬೈಯಲಿಲ್ಲ. ನಾನು ಕಂಡ ಒಳ್ಳೆಯ ಸಂಜೆಗಳಲ್ಲಿ ಅದೊಂದು.

ಓದುವಾಗ ಒಂದು ಎಚ್ಚರ. ಲೋಟ ಒಡೆದ ಗಳಿಗೆಯಲ್ಲೇ ಪುಸ್ತಕ ತೆಗೆಯಬೇಡಿ, ತೆಗೆದರೆ ಪುಸ್ತಕವೇ ಬೆತ್ತವಾಗುತ್ತದೆ. "ನೋಡು, ಇವನೂ ನಿನ್ನ ಹಾಗೆಯೇ" ಎಂದು ಬೆರಳು ತೋರಿಸಲೂ ಬೇಡಿ. ರಾತ್ರಿ ಊಟವಾದ ಮೇಲೆ, ಮಗು ಮಡಿಲಲ್ಲಿರುವಾಗ ಓದಿ. ತಪ್ಪಿನ ಪುಟದಲ್ಲಿ ನಿಂತು "ಈಗ ಇವನು ಏನು ಮಾಡಬಹುದು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಪಾತ್ರಗಳು ಪ್ರಾಣಿಗಳಿಗಿಂತ ಮನುಷ್ಯರಾಗಿದ್ದರೆ ಒಳ್ಳೆಯದು. ಹಂಚಿಕೊಳ್ಳುವ ಗುಣದ ಬಗ್ಗೆ ಟೊರಾಂಟೊದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಮನುಷ್ಯರ ಪಾತ್ರವಿದ್ದ ಪುಸ್ತಕ ಕೇಳಿದ ಮಕ್ಕಳೇ ಮೊದಲಿಗಿಂತ ಹೆಚ್ಚು ಸ್ಟಿಕ್ಕರ್ ಹಂಚಿದರು.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ ಕೇಳಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತವೆ, ತೆಲುಗಿನವೂ ಇವೆ.

ತೆಲುಗು ಎಂದಾಗ ನೆನಪಾಯಿತು. ನೀವು ಕೇಳಿಲ್ಲ, ಆದರೆ ಈ ಕಡೆಯ ಅರ್ಧಕ್ಕರ್ಧ ಮನೆಗಳ ಚಿಂತೆ ಇದು: ಮನೆಮಾತು ತೆಲುಗು, ಪುಸ್ತಕ ಕನ್ನಡ, ಯಾವುದರಲ್ಲಿ ಹೇಳಬೇಕು? ಮಗು ಅಳುವುದು, ಮುನಿಯುವುದು, ಗುಟ್ಟು ಹೇಳುವುದು ಯಾವ ಮಾತಿನಲ್ಲೋ ಅದರಲ್ಲೇ ಹೇಳಿ. ಚಿತ್ರದ ಹಾಲನ್ನು ತೆಲುಗಿನಲ್ಲಿ 'ಪಾಲು' ಎಂದರೆ ಕನ್ನಡ ಕೆಡುವುದಿಲ್ಲ. ಅಕ್ಷರ ಬಾರದ ಅಜ್ಜಿಯ ಕೈಗೂ ಪುಸ್ತಕ ಕೊಡಿ, ಚಿತ್ರ ನೋಡಿ ಹೇಳುತ್ತಾರೆ. ಅದೇ ಹಿಟ್ಟಿನ ಪುಸ್ತಕವನ್ನು ಮನೆಗೆ ಒಯ್ದ ಹುಡುಗನೊಬ್ಬ ಮರುದಿನ ಬಂದು ಕನ್ನಡದಲ್ಲಿ ನನ್ನನ್ನೇ ತಿದ್ದಿದ: "ಮಿಸ್, ನೀವು ಪೂರ್ತಿ ಹೇಳಲಿಲ್ಲ. ಮಣ್ಣಾದ ಹಿಟ್ಟನ್ನು ಅವಳು ಕೋಳಿಗೆ ಹಾಕಿದಳಂತೆ. ನಮ್ಮ ಅಜ್ಜಿ ಹೇಳಿದರು."