ಘಟ್ಟ ಹತ್ತುವವರು ರೈಲು ಹತ್ತಿದ ಮೇಲೆ

"ಆಳು ಸಿಗ್ತಿಲ್ಲ ಮಾರಾಯ್ರೆ." ಶಿರಸಿಯ ತೋಟದ ಮನೆಗಳಲ್ಲಿ ಚಹಾದ ಜೊತೆಗೇ ಬರುವ ಮಾತಿದು. ಕೊನೆಗೌಡರ ವಿಷಯ ಬಂತೆಂದರೆ ಮುಗಿಯುವುದೇ ಇಲ್ಲ.

ಅಡಿಕೆ ಕೊನೆ, ಅಂದರೆ ಗೊನೆ, ಕೊಯ್ಯಲು ಮರ ಹತ್ತುವವರೇ ಕೊನೆಗೌಡರು. ಒಂದು ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುತ್ತಾರೆ. ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಾರೆ. ಕೊಳೆ ರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದೂ ಅವರೇ, ಅದೂ ಮಳೆಗಾಲದಲ್ಲಿ, ಪಾಚಿ ಕಟ್ಟಿದ ಮರ ಹತ್ತಿ. ಕೈ ಜಾರಿದರೆ ಸೊಂಟದ ಕಥೆ ಮುಗಿಯಿತು. ಇಂಥ ಕೆಲಸ ಮಗನಿಗೂ ಇರಲಿ ಅಂತ ಯಾವ ಅಪ್ಪ ಬಯಸುತ್ತಾನೆ?

ಹಿಂದೆ ಸುಗ್ಗಿಗೆ ಕರಾವಳಿಯ ಕುಮಟಾ, ಹೊನ್ನಾವರದ ಕಡೆಯವರು ಘಟ್ಟ ಹತ್ತಿ ಬರುತ್ತಿದ್ದರು. ಬೇರೆ ದಾರಿ ಕಡಿಮೆ ಇತ್ತು. 1974ರ ಭೂ ಸುಧಾರಣೆ ಬಂದು ಎಷ್ಟೋ ಗೇಣಿದಾರರು ಒಡೆಯರಾದರು. ತೋಟದ ಒಡೆಯರ ಅಂಗಳದಲ್ಲಿ ಕರೆಗೆ ಕಾಯುವ ಗರಜು ಕಡಿಮೆಯಾಯಿತು. ಆಮೇಲೆ ಕರಾವಳಿಯಲ್ಲೇ ದೊಡ್ಡ ಕಾಮಗಾರಿಗಳು ಶುರುವಾದವು. ಕೈಗಾ ಅಣು ಸ್ಥಾವರ ಬಂತು. 1986ರಲ್ಲಿ ಕಾರವಾರದ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. ಸೀಬರ್ಡ್ ಕೂಲಿಯನ್ನೇನೋ ಕೊಟ್ಟಿತು, ಆದರೆ ಎಷ್ಟೋ ಕುಟುಂಬಗಳ ಗದ್ದೆಯನ್ನೂ ಮೀನು ಹಿಡಿಯುವ ದಂಡೆಯನ್ನೂ ತೆಗೆದುಕೊಂಡಿತು. ಹೊಟ್ಟೆಪಾಡಿಗೆ ಸಂಬಳವೇ ಗತಿಯಾದವರು ಆಗ ಜಾಸ್ತಿಯಾದರು.

ನಿಜವಾದ ತಿರುವು ಗೋವಾ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಕಾರವಾರದಿಂದ ಮಡಗಾಂವ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರುವುದು ಸುಲಭವಾಯಿತು. ವೆರ್ಣಾದ ಔಷಧಿ ಕಾರ್ಖಾನೆ, ಹೋಟೆಲು, ಗಣಿ ಲಾರಿ, ಎಲ್ಲ ಕಡೆ ಕೆಲಸವಿತ್ತು. ಮನೆಮಾತು ಕೊಂಕಣಿಯಾದವರಿಗಂತೂ ಅದು ಪರಊರೇ ಅಲ್ಲ. ಆದರೆ 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಿತು. ಮತ್ತೆ ತುಸು ನಡೆದು 2018ರಲ್ಲಿ ಇನ್ನೊಮ್ಮೆ ನಿಂತಿತು. ಅಲ್ಲಿ ಲಾರಿ ನಿಂತರೆ ಇಲ್ಲಿ ಮನೆಯ ಕಂತು ನಿಲ್ಲುತ್ತದೆ. ದುಡಿಮೆಗೆ ಭಟ್ಕಳಕ್ಕೆ ಕೊಲ್ಲಿ ದೇಶ ಹೇಗೋ, ಕಾರವಾರಕ್ಕೆ ಗೋವಾ ಹಾಗೆ.

ಹೋದವರ ಜಾಗ ಖಾಲಿ ಉಳಿಯಲಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಈಗ ಒಡಿಶಾ, ಜಾರ್ಖಂಡ್‌ನ ಹುಡುಗರು ಬಲೆ ಎಳೆಯುತ್ತಾರೆ. ಜೂನ್, ಜುಲೈ ಮೀನುಗಾರಿಕೆ ನಿಷೇಧಕ್ಕೆ ಊರಿಗೆ ಹೋಗಿ ಆಗಸ್ಟ್‌ಗೆ ವಾಪಸ್. 2020ರ ಲಾಕ್‌ಡೌನ್ ವರ್ಷ ಎಷ್ಟೋ ಜನ ಬರಲಾಗಲಿಲ್ಲ. ನಿಷೇಧ ಮುಗಿದರೂ ಕರಾವಳಿಯ ಬಂದರುಗಳಲ್ಲಿ ಬೋಟುಗಳು ದಡದಲ್ಲೇ ಇದ್ದವು.

ಈಗ ಮತ್ತೆ ಆ ಚಹಾದ ಮಾತಿಗೆ ಬರೋಣ. ಆಳು ಸಿಗೋದಿಲ್ಲ ಅನ್ನುವುದು ಅರ್ಧ ನಿಜ. ಹಳೇ ಕೂಲಿಗೆ, "ಏ, ಬಾರೋ" ಅನ್ನುವ ಹಳೇ ಕರೆಗೆ ಸಿಗೋದಿಲ್ಲ, ಅಷ್ಟೇ. ಹಾಗೆ ಗೊಣಗುವ ಮನೆಯ ಮಗ ಬೆಂಗಳೂರಿನ ಐಟಿ ಕಂಪನಿಯಲ್ಲಿ ಇರುತ್ತಾನೆ, ಅಲ್ವಾ? ಅವನು ಹೋದರೆ ಪ್ರಗತಿ, ಕೊನೆಗೌಡರ ಹುಡುಗ ಹೋದರೆ ತೋಟಕ್ಕೆ ಕುತ್ತು!

ಇನ್ನು ಹೆಂಗಸರ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಗಂಡಸರು ರೈಲು ಹತ್ತಿದರೂ ಹೆಂಗಸರಲ್ಲಿ ಹೆಚ್ಚಿನವರು ಊರಲ್ಲೇ ಉಳಿದರು. ರಾತ್ರಿ ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದರು. ಅದಕ್ಕೆ ದಿನಗೂಲಿ ಇಲ್ಲ, ಸುಲಿದಷ್ಟಕ್ಕೆ ದುಡ್ಡು. ಆ ಕೆಲಸಕ್ಕೂ ಯಂತ್ರ ಬಂದಿದೆ.

ಕೊನೆಗೌಡರ ಕೆಲಸಕ್ಕೆ ಬಂದದ್ದು ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಮದ್ದೂ ಹೊಡೆಯಬಹುದು. ದೋಟಿ ಹಿಡಿಯುವ ಹುಡುಗ ಬೈಕಿನಲ್ಲಿ ಬರುತ್ತಾನೆ. ಮೊದಲೇ ಫೋನ್ ಮಾಡಿ, ದರ ಮಾತಾಡಿ, ದಿನ ಹಿಡಿದುಕೊಳ್ಳಬೇಕು.