ಶಾಬ್ಲಿ ವೈನಿನಲ್ಲಿ ಸಿಂಪಿಯ ರುಚಿ ಹುಡುಕುವವರಿಗೆ

ಫ್ರಾನ್ಸಿನ ಬಿಳಿ ವೈನಾದ ಶಾಬ್ಲಿಯ ಬಾಟಲಿ ಬಿಚ್ಚಿದ ಕಡೆಯೆಲ್ಲ ಒಬ್ಬರಾದರೂ ಗ್ಲಾಸನ್ನು ಮೂಗಿಗೆ ಹಿಡಿದು, "ಆಹಾ, ಸಮುದ್ರದ ಸಿಂಪಿ!" ಎನ್ನದೆ ಬಿಡುವುದಿಲ್ಲ. ಪಾಪ, ಅವರದೇನೂ ತಪ್ಪಿಲ್ಲ. ಮಾರುವವರು ಕೊಡುವ ಕರಪತ್ರವೇ ಹಾಗೆ ಹೇಳಿಕೊಡುತ್ತದೆ. ಈ ವೈನಿನ ತವರಾದ ಬೂರ್ಗೋನ್ ಪ್ರಾಂತ್ಯದ ಉತ್ತರದಂಚಿನಲ್ಲಿ, ಸೆರೆಂ ನದಿಯ ಇಕ್ಕೆಲದ ಇಳಿಜಾರುಗಳಲ್ಲಿ ಕಿಮ್ಮೆರಿಡ್ಜಿಯನ್ ಎಂಬ ಸುಣ್ಣಮಿಶ್ರಿತ ಜೇಡಿಮಣ್ಣಿದೆ. ಅದರ ಹೆಂಟೆ ಒಡೆದರೆ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಪುಟ್ಟ ಸಿಂಪಿಗಳ ಪಳೆಯುಳಿಕೆ ಕಾಣುತ್ತದೆ. ಸುಮಾರು 15 ಕೋಟಿ ವರ್ಷ ಹಿಂದೆ ಅಲ್ಲಿ ಸಮುದ್ರವಿತ್ತು. ಇಷ್ಟೂ ನಿಜ. ಆ ಚಿಪ್ಪಿನ ರುಚಿ ಬೇರಿನಿಂದ ಹಣ್ಣಿಗೆ ಏರಿ ಬಾಟಲಿಗೆ ಇಳಿಯುತ್ತದೆ ಎಂಬುದು ಮಾತ್ರ ಕಟ್ಟುಕಥೆ.

ಬೇರು ಕಲ್ಲನ್ನು ತಿನ್ನುವುದಿಲ್ಲ, ನೀರಿನಲ್ಲಿ ಕರಗಿದ ಅಯಾನುಗಳನ್ನು (ಖನಿಜದ ವಿದ್ಯುದಾವೇಶವುಳ್ಳ ಕಣಗಳನ್ನು) ಹೀರುತ್ತದೆ. ಕ್ಯಾಲ್ಸಿಯಂ ಸಿಂಪಿಯಿಂದ ಬಂದರೂ ಗೊಬ್ಬರದ ಚೀಲದಿಂದ ಬಂದರೂ ಬಳ್ಳಿಗೆ ಒಂದೇ. ಲೀಟರ್ ವೈನಿನಲ್ಲಿ ಪೊಟ್ಯಾಸಿಯಂ ಹೆಚ್ಚುಕಡಿಮೆ ಒಂದು ಗ್ರಾಂ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಮಿಲಿಗ್ರಾಂ ಲೆಕ್ಕ. ಇನ್ನು ವಾಸನೆ ಬರಬೇಕಾದರೆ ವಸ್ತು ಆವಿಯಾಗಿ ಮೂಗಿಗೆ ತಲುಪಬೇಕು. ಸುಣ್ಣಕಲ್ಲು ಆವಿಯಾಗುವುದಿಲ್ಲ.

ಹಾಗೆಂದು ಮಣ್ಣಿಗೆ ಲೆಕ್ಕವೇ ಇಲ್ಲ ಎಂದಲ್ಲ. ಅದರ ಮುಖ್ಯ ಕೆಲಸ ನೀರಿನ ನಿರ್ವಹಣೆ. ಜೇಡಿ ಮಳೆನೀರು ಹಿಡಿದಿಡುತ್ತದೆ, ಬಿರುಕುಬಿಟ್ಟ ಸುಣ್ಣಕಲ್ಲು ಹೆಚ್ಚಾದದ್ದನ್ನು ಕೆಳಗೆ ಬಿಡುತ್ತದೆ. ಬಳ್ಳಿ ಸೊಕ್ಕಿ ಎಲೆ ಬಿಡುವುದೂ ಇಲ್ಲ, ಬರದಲ್ಲಿ ಒಣಗುವುದೂ ಕಡಿಮೆ. ಜೊತೆಗೆ ಇಳಿಜಾರಿನ ದಿಕ್ಕು. ಲೆ ಕ್ಲೋ, ವಾಲ್ಮೂರ್ ಮೊದಲಾದ ಏಳು ‘ಗ್ರಾಂ ಕ್ರೂ’ (ಅತ್ಯುನ್ನತ ದರ್ಜೆಯ) ತೋಟದ ತುಂಡುಗಳು ನದಿಯ ಬಲದಂಡೆಯಲ್ಲಿ ಬಹುಪಾಲು ನೈರುತ್ಯಕ್ಕೆ ಮುಖಮಾಡಿ ಸಂಜೆಬಿಸಿಲು ಹಿಡಿಯುತ್ತವೆ. ಮೇಲಿನ ಪ್ರಸ್ಥಭೂಮಿಯ ಪೆತಿ ಶಾಬ್ಲಿ ಎಂಬ ಕೆಳದರ್ಜೆಯದು ಹೆಚ್ಚಾಗಿ ಪೋರ್ಟ್‌ಲ್ಯಾಂಡಿಯನ್ ಎಂಬ ಗಟ್ಟಿಯಾದ ಸುಣ್ಣಕಲ್ಲು. ಗಾಳಿ, ಚಳಿ ಹೆಚ್ಚು, ಹಣ್ಣು ಮಾಗುವುದು ತಡ. ಎರಡೂ ಕಡೆ ತಳಿ ಒಂದೇ, ಶಾರ್ಡೊನೆ. ವ್ಯತ್ಯಾಸವನ್ನೆಲ್ಲ ಕಲ್ಲಿನ ಲೆಕ್ಕಕ್ಕೆ ಬರೆಯುವವರು ಬಿಸಿಲನ್ನು ಮರೆತಿರುತ್ತಾರೆ.

ಸುಣ್ಣ ಬಳ್ಳಿಗೆ ಕಾಟ ಕೊಡುವುದೂ ಉಂಟು. ಅದು ಅತಿಯಾದರೆ ಬೇರು ಕಬ್ಬಿಣವನ್ನು ಹೀರಲಾರದು. ನರ ಹಸಿರಾಗಿಯೇ ಉಳಿದು ಎಳೆಎಲೆ ಹಳದಿಯಾಗುತ್ತದೆ. ರಿಪಾರಿಯಾ ಎಂಬ ಬೇರುಸಸಿ (ಮೇಲೆ ಬೇರೆ ತಳಿ ಕಸಿ ಕಟ್ಟುವ ಬುಡದ ಗಿಡ) ಮಣ್ಣಿನಲ್ಲಿ ಸುಮಾರು ಶೇ. 6ರಷ್ಟು ಕ್ರಿಯಾಶೀಲ, ಅಂದರೆ ಸುಲಭವಾಗಿ ಕರಗುವ ಸುಣ್ಣಕ್ಕೇ ಸೋಲುತ್ತದೆ, 41ಬಿ ಎಂಬ ಇನ್ನೊಂದು ಬೇರುಸಸಿ ಶೇ. 40ರವರೆಗೂ ತಡೆಯುತ್ತದೆ. ಶಾಬ್ಲಿಯಲ್ಲಿ 41ಬಿ ಮೇಲೆ ಕಸಿ ಕಟ್ಟುವುದು ಇದಕ್ಕೇ. ವಿಜಯಪುರದ ಬೆಳೆಗಾರರು ಉಪ್ಪುಮಣ್ಣಿಗೆ ಹೆದರಿ ಡಾಗ್‌ರಿಡ್ಜ್ ಬೇರುಸಸಿ ಹಾಕುವ ಲೆಕ್ಕಾಚಾರವೂ ಇದೇ ಜಾತಿಯದು. ಅವರಿಗೆ ಮಣ್ಣು ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಜನ ಸಿಂಪಿ ಎನ್ನುವ ಆ ಕಲ್ಲುಕಲ್ಲಾದ ವಾಸನೆ ಎಲ್ಲಿಂದ? ಪೂರ್ತಿ ಬಿಡಿಸಿದ ಒಗಟಲ್ಲ, ಆದರೂ ಮುಖ್ಯ ಸುಳಿವುಗಳಿವೆ. ಒಂದು, ತಣ್ಣನೆಯ ಹವೆ ಉಳಿಸಿದ ಹುಳಿ. ಇನ್ನೊಂದು, ಗಾಳಿಯಾಡದ ಸ್ಟೀಲ್ ಟ್ಯಾಂಕಿನಲ್ಲಿ ಉಳಿಯುವ ಗಂಧಕದ ಸಂಯುಕ್ತಗಳು. ಬೆಂಕಿಕಡ್ಡಿ ಗೀಚಿದ ವಾಸನೆ ಇವುಗಳದ್ದೇ. ಮೂರನೆಯದು, ಓಕ್ ಮರದ ವೆನಿಲಾ ವಾಸನೆ ಇಲ್ಲದಿರುವುದು. ಮನೆಯಲ್ಲೇ ನೋಡಬಹುದು: 10–11 ಡಿಗ್ರಿಯಲ್ಲಿ ಎರಡು ಗ್ಲಾಸಿಗೆ ಸುರಿಯಿರಿ, ಒಂದನ್ನು ಚೆನ್ನಾಗಿ ಕುಲುಕಿ ಅರ್ಧ ಗಂಟೆ ಬಿಡಿ, ಇನ್ನೊಂದನ್ನು ತಕ್ಷಣ ಮೂಸಿ. ಕುಲುಕಿದ್ದರಲ್ಲಿ ಕಡ್ಡಿಯ ವಾಸನೆ ಸಾಮಾನ್ಯವಾಗಿ ತಗ್ಗಿ ಸೇಬು, ನಿಂಬೆ ಮೇಲೇಳುತ್ತವೆ. ಗ್ಲಾಸು ಅತಿ ತಣ್ಣಗಿದ್ದರೆ ಎರಡರಲ್ಲೂ ಏನೂ ಸಿಗದು. ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಕಾದು ಸುರಿಯಿರಿ.