ಕೆಂಬೂತ: ಗೂಡು ತಾನೇ ಕಟ್ಟುವ ಕೋಗಿಲೆ

ಕೆಂಬೂತವನ್ನು ಕಾಗೆ ಎಂದೋ ಕಾಡುಕೋಳಿ ಎಂದೋ ತಿಳಿಯುವವರು ಬಣ್ಣ, ನಡಿಗೆಗಳನ್ನಷ್ಟೇ ನೋಡಿರುತ್ತಾರೆ. ಕಾಲು ನೋಡಬೇಕು. ಕಾಗೆಗೂ ಕೋಳಿಗೂ ಮುಂದೆ ಮೂರು ಬೆರಳು. ಇದಕ್ಕೆ ಮುಂದೆ ಎರಡು, ಹಿಂದೆ ಎರಡು. ಕೋಗಿಲೆ ಬಳಗದ ಕಾಲು ಹೀಗೆಯೇ ಇರುವುದು. ಜೊತೆಗೆ ಹಿಂದಿನ ಒಂದು ಬೆರಳಿನಲ್ಲಿ ನೀಳವಾದ, ನೆಟ್ಟಗಿನ ಉಗುರಿದೆ. ಕೆಂಬೂತಗಳ ಕುಲವಾದ ಸೆಂಟ್ರೋಪಸ್‌ಗೆ ಅದೇ ಹೆಗ್ಗುರುತು.

ಪೊದೆಯೊಳಗೆ ಕಾಲು ಕಾಣುವುದು ಅಪರೂಪ, ನಿಜ. ಆಗ ಉಳಿದ ಲಕ್ಷಣಗಳನ್ನು ನೆಚ್ಚಬೇಕು. ಉದ್ದ ಸುಮಾರು 48 ಸೆಂಟಿಮೀಟರ್, ಅದರಲ್ಲಿ ಅರ್ಧದಷ್ಟು ಅಗಲವಾದ ಕಪ್ಪು ಬಾಲವೇ. ಮೈ ಕಪ್ಪು, ಕತ್ತಿನ ಮೇಲೆ ನೀಲಿ-ನೇರಳೆ ಹೊಳಪು, ಬೆನ್ನು ಮತ್ತು ರೆಕ್ಕೆ ಇಟ್ಟಿಗೆಗೆಂಪು, ಕಣ್ಣು ಕಡುಗೆಂಪು. ಗಂಡು ಹೆಣ್ಣಿಗೆ ಬಣ್ಣದಲ್ಲಿ ವ್ಯತ್ಯಾಸವಿಲ್ಲ; ಹೆಣ್ಣು ತುಸು ದೊಡ್ಡದು. ಎಳೆಯ ಹಕ್ಕಿಯ ಕಪ್ಪು ಮಾಸಲು, ಕಣ್ಣು ಇನ್ನೂ ಕೆಂಪೇರಿರುವುದಿಲ್ಲ. ಅದನ್ನು ಕಂಡು ಚಿಕ್ಕ ಕೆಂಬೂತ ಎಂದು ಬರೆದಿಡುವುದು ಪಟ್ಟಿಗಳಲ್ಲಿ ಪದೇ ಪದೇ ನುಸುಳುವ ತಪ್ಪು. ಚಿಕ್ಕ ಕೆಂಬೂತ 33 ಸೆಂಟಿಮೀಟರ್‌ನಷ್ಟು ಮಾತ್ರ. ಕೊಕ್ಕು ಮೊಂಡು, ಗೂಡಿನ ಕಾಲ ಕಳೆದ ಮೇಲೆ ಮೈತುಂಬ ತಿಳಿ ಗೀರುಗಳು.

ಕಿವಿಗೆ ಇನ್ನೂ ಸುಲಭ. ಬಾವಿಯೊಳಗಿಂದ ಎದ್ದು ಬಂದಂಥ ‘ಊಪ್ ಊಪ್ ಊಪ್’ ಎಂಬ ಗಂಭೀರ ಸ್ವರ ಸಾಲಾಗಿ ಹೊರಡುತ್ತದೆ. ಜೋಡಿಯಾಗಿ ಕೂಗುವಾಗ ತಗ್ಗಿದ ದನಿ ಹೆಣ್ಣಿನದು. ನೋಡಲು ಬೆಳಗಿನ ಹೊತ್ತೇ ಒಳ್ಳೆಯದು: ಪೊದೆಯ ನೆತ್ತಿಗೆ ಹತ್ತಿ, ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತದೆ. ಹಾರಾಟದಲ್ಲಿ ಬಲವಿಲ್ಲ. ದಿನದ ಹೆಚ್ಚು ಭಾಗ ನೆಲದಲ್ಲಿ ನಡೆಯುತ್ತ, ಕೊಂಬೆಯಿಂದ ಕೊಂಬೆಗೆ ಹತ್ತುತ್ತ ಮೇಯುತ್ತದೆ. ಬಸವನಹುಳು, ಕಂಬಳಿಹುಳು, ಮಿಡತೆ, ಹಲ್ಲಿ, ಇಲಿಮರಿ, ಸಣ್ಣ ಹಾವು ಎಲ್ಲವೂ ಆಹಾರ. ಬೇರೆ ಹಕ್ಕಿಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಅದಕ್ಕಾಗಿ ಇದನ್ನು ದೂರುವುದು ಸರಿಯಲ್ಲ, ಬೇಟೆಗಾರ ಹಕ್ಕಿಯ ಬದುಕೇ ಅದು.

ಕೋಗಿಲೆಯ ನೆಂಟನಾದರೂ ಕೆಂಬೂತ ಕಾಗೆಯ ಗೂಡಿಗೆ ಹೋಗುವುದಿಲ್ಲ. ತನ್ನ ಗೂಡನ್ನು ತಾನೇ ಕಟ್ಟುತ್ತದೆ, ಅದರಲ್ಲೂ ಹೆಚ್ಚಿನ ದುಡಿಮೆ ಗಂಡಿನದು. ಬಳ್ಳಿ ಹೆಣೆದ ಪೊದೆ, ಬಿದಿರುಮೆಳೆ, ಕೇದಗೆಯ ಹಿಂಡಿಲಿನ ನಡುವೆ ಎಲೆ ಕಡ್ಡಿಗಳ ಆಳವಾದ ಬಟ್ಟಲು, ಮೇಲೆ ಗುಮ್ಮಟ. ಮುಗಿಯಲು ಮೂರರಿಂದ ಎಂಟು ದಿನ. ಮೊಟ್ಟೆ ಮೂರರಿಂದ ಐದು. ಸುಣ್ಣದ ಬಿಳುಪಿನ ಮೇಲೆ ಹಳದಿ ಲೇಪ, ಕಾವು ಕೂರುತ್ತ ಅದು ಸವೆದುಹೋಗುತ್ತದೆ. ಕಾವು 15–16 ದಿನ. ಮರಿಯ ಚರ್ಮ ಕಪ್ಪು, ಅದರ ಮೇಲೆ ಕೂದಲಿನಂಥ ಬಿಳಿ ತುಪ್ಪಳ. ಗೂಡು ಬಿಡಲು ಅದಕ್ಕೆ ಇನ್ನೂ 18ರಿಂದ 22 ದಿನ ಬೇಕು.

ಮುಖ್ಯ ತೊಂದರೆ ಇಲ್ಲಿಯೇ ಬರುವುದು. ದಕ್ಷಿಣ ಭಾರತದಲ್ಲಿ ಗೂಡಿನ ಕಾಲ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್. ಮಳೆಗೆ ಬೇಲಿ ಬೆಳೆದು ನಾವು ಕತ್ತಿ ಹಿಡಿಯುವುದೂ ಆಗಲೇ. ಪೊದೆ ಕಡಿದು ಮರೆ ಇಲ್ಲವಾದ ಗೂಡಿಗೆ ಕಾಗೆ ನುಗ್ಗುತ್ತದೆ. ಆದ್ದರಿಂದ ಕಡಿಯುವ ಮುನ್ನ ಒಂದೆರಡು ಬೆಳಗ್ಗೆ ದೂರದಿಂದ ಗಮನಿಸಿ. ದೊಡ್ಡ ಹಕ್ಕಿ ಬಾಯಲ್ಲಿ ಕಡ್ಡಿಯನ್ನೋ ಹುಳುವನ್ನೋ ಕಚ್ಚಿಕೊಂಡು ಒಂದೇ ಪೊದೆಗೆ ಮತ್ತೆ ಮತ್ತೆ ಹೊಕ್ಕರೆ ಅಲ್ಲಿ ಗೂಡಿದೆ. ಕೊಂಬೆ ಸರಿಸಿ ನೋಡಬೇಡಿ. ಕಡ್ಡಿ ಒಯ್ಯುತ್ತಿದ್ದರೆ ಏಳು ವಾರ, ಹುಳು ಒಯ್ಯುತ್ತಿದ್ದರೆ ಮೂರು ವಾರ ಆ ಪೊದೆಯನ್ನೂ ಅದರ ಅಕ್ಕಪಕ್ಕವನ್ನೂ ಬಿಟ್ಟು ಉಳಿದ ಬೇಲಿ ಸವರಿ.